ಬರೀ ಸಾಹಸದ ಕಥೆಯಲ್ಲ

ಮಾನ್ಯ ಸಂಪಾದಕರೇ,

ರಡ್ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಪ್ರಕಟಿಸಿದ ‘ದಿ ಮ್ಯಾನ್ ಹೂ ವುಡ್ ಬಿ ಕಿಂಗ್’ ಕಥೆಯನ್ನು ಇಂದಿಗೂ ಬರೀ ಸಾಹಸಗಾಥೆಯೆಂದು ಪರಿಚಯಿಸುವುದು ಬೇಸರದ ಸಂಗತಿ. ಡ್ರಾವೊಟ್ ಮತ್ತು ಕಾರ್ನೆಹನ್ ಎಂಬಿಬ್ಬರು ಬ್ರಿಟಿಷರು, ಹುಚ್ಚು ಪುರೋಹಿತ ಮತ್ತು ಅವನ ಆಳಿನ ವೇಷ ತೊಟ್ಟು, ಒಂಟೆಯ ಹೇರಿನಲ್ಲಿ ಮಣ್ಣಿನ ಗೊಂಬೆಗಳ ಕೆಳಗೆ 20 ಮಾರ್ಟಿನಿ ಬಂದೂಕುಗಳನ್ನು ಅಡಗಿಸಿಕೊಂಡು, ರಾಜರಾಗಲೆಂದು ಈಗಿನ ಅಫ್ಗಾನಿಸ್ತಾನದಲ್ಲಿರುವ ಕಾಫಿರಿಸ್ತಾನಕ್ಕೆ ಹೊರಡುವ ಆ ಒಂದು ದೃಶ್ಯವೇ ಸಾಮ್ರಾಜ್ಯ ಕಟ್ಟುವ ಬಗೆಯನ್ನು ತೆರೆದಿಡುತ್ತದೆ. ಅಲ್ಲಿ ರಾಜನಾಗಿ, ದೇವರೆಂದು ಪೂಜೆಗೊಳ್ಳುತ್ತಿದ್ದ ಡ್ರಾವೊಟ್‌ನ ಕತ್ತನ್ನು ಬಲವಂತದ ಮದುವೆಗೆ ಕರೆತಂದ ಹೆಣ್ಣು ಕಚ್ಚಿದಾಗ ರಕ್ತ ಸುರಿದು, ಅವನೂ ಮನುಷ್ಯನೇ ಎಂಬುದು ಬಯಲಾಗುತ್ತದೆ. ಕಥೆಯಲ್ಲಿ ಹೆಸರನ್ನೂ ಪಡೆಯದ ಆಕೆಯಿಂದಲೇ ಆ ರಾಜ್ಯ ಉರುಳುತ್ತದೆ.

ಸ್ಥಳೀಯರ ಬಗೆಗಿನ ಕಿಪ್ಲಿಂಗರ ತಾತ್ಸಾರವನ್ನು ಖಂಡಿತ ಒಪ್ಪಲಾಗದು. ಆದರೆ ಕಾಫಿರಿಸ್ತಾನ ಕಲ್ಪನೆಯ ನಾಡಲ್ಲ. ಕಥೆ ಬಂದ ಕೆಲವೇ ವರ್ಷಗಳಲ್ಲಿ, 1895–96ರಲ್ಲಿ, ಅಫ್ಗಾನಿಸ್ತಾನದ ಅಮೀರ ಅಬ್ದುರ್ ರಹಮಾನ್ ಖಾನ್ ಅದನ್ನು ಗೆದ್ದು, ಅಲ್ಲಿನ ಜನರನ್ನು ಇಸ್ಲಾಂ ಧರ್ಮಕ್ಕೆ ಮತಾಂತರಿಸಿದ. ಆ ನಾಡಿಗೆ ನೂರಿಸ್ತಾನ ಎಂಬ ಹೆಸರು ಬಂದದ್ದು ಆಮೇಲೆ. ಈ ಕಥೆಯನ್ನು ಪಾಠ ಮಾಡುವವರೂ ಪತ್ರಿಕೆಗಳಲ್ಲಿ ಪರಿಚಯಿಸುವವರೂ ಆ ಜನರ ಚರಿತ್ರೆಯನ್ನು ದಯವಿಟ್ಟು ಜೊತೆಗೇ ತಿಳಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಮೈಸೂರು