ಪಾರ್ಕಿನ ಬೀಗ ತೆಗೆದು ಒಂದು ವರ್ಷ: ಆ ನೋಟ್‌ಬುಕ್ಕಲ್ಲಿ ಬರೆದ ಎಲ್ರಿಗೂ

ಎಲ್ರಿಗೂ ನಮಸ್ಕಾರ. ನಮ್ಮ ಪಾರ್ಕಿಗೆ ಮಧ್ಯಾಹ್ನದ ಹೊತ್ತು ಬೀಗ ಹಾಕೋದು ನಿಲ್ಸಿ ಈ ಭಾನುವಾರಕ್ಕೆ ಒಂದು ವರ್ಷ ತುಂಬ್ತು. ಒಂದು ಸಣ್ಣ ಕಾರ್ಯಕ್ರಮ ಇಟ್ಕೊಳ್ಳೋಣ, ಸಹಾಯ ಮಾಡಿದವರಿಗೆ ಶಾಲು ಹೊದಿಸೋಣ ಅಂತ ಕೆಲವರು ಹೇಳಿದ್ರು, ಪ್ರೀತಿಯಿಂದಲೇ ಹೇಳಿದ್ರು, ಆದ್ರೆ ಶಾಲು ಹೊದಿಸ್ಬೇಕಾದವರಲ್ಲಿ ಅರ್ಧ ಜನರ ಹೆಸರೇ ನಮಗೆ ಗೊತ್ತಿಲ್ಲ. ಪಾರ್ಕಿಗೆ ಏನು ಬೇಕು ಅಂತ ಹಾಲಿನ ಬೂತಲ್ಲಿ ಇಟ್ಟಿದ್ದ ನೋಟ್‌ಬುಕ್ಕಲ್ಲಿ ಬರೆದ್ರು, ಹೋದ್ರು, ಸಹಿ ಹಾಕ್ಲಿಲ್ಲ. ಹಾಗಾಗಿ ಸಂಘದ ಕಾರ್ಯದರ್ಶಿ ಅನ್ನೋದಕ್ಕಿಂತ ಜಾಸ್ತಿ ಈ ರಸ್ತೇಲಿ 22 ವರ್ಷದಿಂದ ಇರೋ ಒಬ್ಬ ಹೆಂಗಸಾಗಿ ಇಲ್ಲೇ ಬರೀತಾ ಇದೀನಿ, ಓದೋರು ಓದದೇ ಇರೋರಿಗೆ ದಯವಿಟ್ಟು ಓದಿ ಹೇಳಿ.

ಬನಶಂಕರಿ ಕಡೆ ಇರೋ ನಮ್ಮಂಥ ಹಳೇ ಬಡಾವಣೆಗಳಲ್ಲಿ ಪಾರ್ಕ್ ಅಂದ್ರೆ ಏನು ಅಂತ ನಿಮಗೆಲ್ಲ ಗೊತ್ತೇ ಇದೆ, ನಾಲ್ಕು ಹೊಂಗೆ, ಒಂದು ಸಂಪಿಗೆ, ಸುತ್ತ ಇಂಟರ್‌ಲಾಕ್ ಹಾಕಿದ ವಾಕಿಂಗ್ ದಾರಿ, ಮೂಲೇಲಿ ಮಕ್ಕಳ ಜಾರುಬಂಡೆ. 2024ರ ಬೇಸಿಗೇಲಿ ಬೋರ್‌ವೆಲ್ ಬತ್ತಿತು. ಆ ಮಾರ್ಚಲ್ಲಿ ಕುಡಿಯೋ ನೀರನ್ನ ಗಿಡಕ್ಕೆ ಬಿಟ್ರೆ 5,000 ರೂಪಾಯಿ ದಂಡ ಅಂತ ಇಡೀ ಬೆಂಗಳೂರಿಗೇ ಹೇಳಿದ್ರಲ್ಲ, ಅದು ಸರಿಯಾದ ನಿರ್ಧಾರಾನೇ, ಮನೇಲಿ ನಮಗೇ ಕುಡಿಯೋಕೆ ನೀರಿರ್ಲಿಲ್ಲ. ಆದ್ರೆ ಹುಲ್ಲೆಲ್ಲ ಸುಟ್ಟು ಹೋಯ್ತು, ಉಯ್ಯಾಲೆಯ ಒಂದು ಸರಪಳಿ ಕಿತ್ತು ಹೋಗಿತ್ತು, ಜನ ಬರೋದು ಕಮ್ಮಿ ಆಯ್ತು. ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಲ್ಲೇ ಮುಗಿದು ಹೋಗಿತ್ತು, ಹೇಳ್ಕೊಳ್ಳೋಣ ಅಂದ್ರೆ ಮನೆ ಬಾಗಿಲಿಗೆ ಹೋಗಿ ಕೂಗೋ ಅಂಥ ಒಬ್ರು ಇರ್ಲಿಲ್ಲ. ಎಲ್ರೂ ಬೆಳಗ್ಗೆ ಹಾಲು ತಗೊಳ್ಳೋಕೆ ಬಂದಾಗ ನಂದಿನಿ ಬೂತಿನ ಮುಂದೆ ನಿಂತ್ಕೊಂಡು ಪಾರ್ಕಿನ ದುಃಖ ಹೇಳ್ಕೊಳ್ಳೋರು. ಒಂದಿನ ಬೂತಿನವರಿಗೆ ಸಾಕಾಗಿ ಹೋಯ್ತು ಅನ್ಸತ್ತೆ, "ಎಲ್ಲಾ ನನಗೇ ಹೇಳ್ತೀರಲ್ಲ, ನಾನು ಯಾರಿಗೆ ಹೇಳ್ಲಿ, ಬರೆದಿಟ್ಟು ಹೋಗಿ" ಅಂತ ಒಂದು 200 ಪೇಜಿನ ಲಾಂಗ್‌ಬುಕ್ ತಂದು ಪೆನ್ನಿಗೆ ದಾರ ಕಟ್ಟಿ ಫ್ರಿಡ್ಜ್ ಪಕ್ಕ ನೇತು ಹಾಕಿದ್ರು. ಮೊದಲ ಥ್ಯಾಂಕ್ಸ್ ಅವರಿಗೆ. ಮೀಟಿಂಗ್ ಕರೆದ್ರೆ ಬರೋ ಅದೇ 14 ಜನ ಬಿಟ್ಟು ಬೇರೆಯವರೂ ಮಾತಾಡೋಕೆ ಶುರು ಮಾಡಿದ್ದು ಆ ಪುಸ್ತಕದಿಂದ.

ಎರಡು ತಿಂಗಳು ಪುಸ್ತಕ ಅಲ್ಲೇ ಇತ್ತು. ಮಕ್ಕಳು ಕ್ರಿಕೆಟ್‌ಗೆ ಜಾಗ ಬೇಕು ಅಂತ ಬರೆದಿದ್ರು, ಅದರ ಕೆಳಗೇ ಯಾರೋ ಅಜ್ಜ ಚೆಂಡು ನನ್ನ ಕನ್ನಡಕಕ್ಕೆ ಬಿತ್ತು ಅಂತ ಬರೆದಿದ್ರು. ನಾಯಿ ಕರ್ಕೊಂಡು ಬರೋರ ಬಗ್ಗೆ ಮೂರು ಪುಟ ಇತ್ತು. ಲೈಟ್ ಬೇಕು, ಲೈಟ್ ಜಾಸ್ತಿ ಆಯ್ತು ಹಕ್ಕಿಗಳು ಮಲಗಲ್ಲ, ಎರಡೂ ಇತ್ತು. ಎಲ್ಲಾನೂ ನಾನು ರಾತ್ರಿ ಕೂತು ಓದ್ತಿದ್ದೆ. ಒಂದು ರಾತ್ರಿ ಒಂದು ಪುಟದ ಕೆಳಗೆ ಪೆನ್ಸಿಲಲ್ಲಿ ಓರೆ ಅಕ್ಷರದಲ್ಲಿ ಬರೆದಿದ್ದು ಕಣ್ಣಿಗೆ ಬಿತ್ತು. "ಮದ್ಯಾನ ಗೇಟು ತೆಗೀರಿ. ಊಟ ಮಾಡಕೆ ಜಾಗ ಇಲ್ಲ. ಒಂದು ನಲ್ಲಿ ಹಾಕ್ಸಿ." ಅಷ್ಟೇ. ಹೆಸರಿಲ್ಲ.

ಇದನ್ನ ನಾನು ಮುಚ್ಚುಮರೆ ಇಲ್ದೆ ಹೇಳ್ಬೇಕು. ಮಧ್ಯಾಹ್ನ ಬೀಗ ಹಾಕೋಣ ಅಂತ ತೀರ್ಮಾನ ಆದ ಸಭೇಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಯಾರ್ಯಾರೋ ಬಂದು ಮಲಗ್ತಾರೆ, ಗಲೀಜು ಮಾಡ್ತಾರೆ ಅಂತ ಹೇಳಿದ್ರು, ನಾನೂ ತಲೆ ಆಡಿಸಿದೆ. 2024ರಲ್ಲಿ ಬೆಂಗಳೂರಿನ ಪಾರ್ಕುಗಳನ್ನ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡ್ತೀವಿ ಅಂತ ಪ್ರಕಟಣೆ ಬಂದ ಮೇಲೂ ನಮ್ಮ ಗೇಟಿಗೆ ಬೆಳಗ್ಗೆ 10 ಗಂಟೆಗೇ ಬೀಗ ಬೀಳ್ತಾನೇ ಇತ್ತು, ಕೀ ಇದ್ದಿದ್ದು ನಮ್ಮ ಕೈಯಲ್ಲೇ. ಆ ಯಾರ್ಯಾರೋ ಅಂದ್ರೆ ಯಾರು ಅಂತ ನಾನು ಒಂದು ದಿನಾನೂ ಕೇಳ್ಕೊಂಡಿರ್ಲಿಲ್ಲ. ಆ ಬರಹ ಓದಿದ ಮಾರನೇ ದಿನ ಮಧ್ಯಾಹ್ನ 12 ಗಂಟೆಗೆ ಸುಮ್ನೆ ಒಂದು ಸುತ್ತು ನಡೆದು ಬಂದೆ. ನಮ್ಮದೇ ರಸ್ತೆಯ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸಿ ಬಂದವರು ಐದು ಜನ, ಒಬ್ಬರು ಪಾರ್ಕಿನ ಕಾಂಪೌಂಡಿಗೆ ಹೊರಗಡೆಯಿಂದ ಒರಗಿ ಕೂತು ಡಬ್ಬಿ ಬಿಚ್ಚಿದ್ರು, ಇಬ್ಬರು ನಿಂತಿರೋ ಕಾರಿನ ನೆರಳಲ್ಲಿ, ಇನ್ನಿಬ್ಬರು ಖಾಲಿ ಸೈಟಿನ ಕಲ್ಲಿನ ಮೇಲೆ. ಬೆಳಗಿನ ಮನೆಗಳು 11:30ಕ್ಕೆ ಮುಗಿಯತ್ತೆ, ಮತ್ತೆ ಮಧ್ಯಾಹ್ನದ ಪಾತ್ರೆಗೆ 2:30ಕ್ಕೆ ಬರ್ಬೇಕು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಕೊಡೋ ಹಂಗಿಲ್ಲ, ನಿಜ, ಆದ್ರೆ ಮನೆಗೆ ಹೋಗಿ ಬರೋದ್ರಲ್ಲೇ ಆ ಹೊತ್ತು ಮುಗಿದು ಹೋಗತ್ತೆ ಅಂದ್ರು. ಅವರಲ್ಲಿ ಒಬ್ಬರು ನಮ್ಮನೇಲೇ ಏಳು ವರ್ಷದಿಂದ ಕೆಲಸ ಮಾಡೋರು. ಅವರು ಮಧ್ಯಾಹ್ನ ಎಲ್ಲಿ ಊಟ ಮಾಡ್ತಾರೆ ಅನ್ನೋದು ಏಳು ವರ್ಷದಿಂದ ನನಗೆ ಗೊತ್ತಿರ್ಲಿಲ್ಲ. ಹೊಟ್ಟೇಲಿ ಚುರ್ ಅಂತು.

ಬೀಗ ತೆಗೆಯೋಕೆ ಎರಡು ಸಭೆ ಬೇಕಾಯ್ತು. ವಿರೋಧ ಇತ್ತು, ಜೋರಾಗೇ ಇತ್ತು, ಅವರನ್ನ ನಾನು ದೂರಲ್ಲ ಯಾಕಂದ್ರೆ ಅವರ ಮಾತೇ ನನ್ನ ಮಾತೂ ಆಗಿತ್ತು ಸ್ವಲ್ಪ ದಿನದ ಹಿಂದೆ. ಮೂರು ತಿಂಗಳು ನೋಡೋಣ ಅಂತ ಒಪ್ಪಿದ್ರು. ಮೂರು ತಿಂಗಳಾದ ಮೇಲೆ ಯಾರೂ ಆ ವಿಷಯ ಎತ್ತಲೇ ಇಲ್ಲ. ನಲ್ಲಿ ಬಂತು. ಸಂಪಿಗೆ ಮರದ ಕೆಳಗೆ ಎರಡು ಕಲ್ಲು ಬೆಂಚು ಬಂತು, ಅದರ ಖರ್ಚು ಕೊಟ್ಟವರು ಹೆಸರು ಕೆತ್ತಿಸ್ಬೇಡಿ ಅಂದಿದ್ದಾರೆ, ಹಾಗಾಗಿ ಇಲ್ಲೂ ಹೇಳಲ್ಲ. ಪೆನ್ಸಿಲಲ್ಲಿ ಬರೆದ ನೀವು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿದ್ರೆ ಎಲ್ರೂ ನಗ್ತಾರೆ, ನಾನಲ್ಲ ಅಂತಾರೆ. ಯಾರೇ ಆಗಿದ್ರೂ ನಿಮಗೆ ಕೈ ಮುಗೀತೀನಿ.

ಇನ್ನೊಂದು ಬರಹ ಎಂಟನೇ ಕ್ಲಾಸಿನ ಹುಡುಗಿದು. ಗೇಟಿನ ಹತ್ರ ಗಾಡಿ ಬರದ ಹಾಗೆ ಅಡ್ಡಡ್ಡ ಪೈಪ್ ಹಾಕಿರೋದ್ರಿಂದ ನಮ್ಮ ತಾತನ ವೀಲ್‌ಚೇರ್ ಒಳಗೆ ಹೋಗಲ್ಲ ಅಂತ ಬರೆದು ಪಕ್ಕದಲ್ಲಿ ಚಿತ್ರಾನೂ ಬಿಡಿಸಿದ್ದಳು. ನಮ್ಮ ಮನೆಯವರಿಗೆ ಸ್ಟ್ರೋಕ್ ಆಗಿ ಆಗಲೇ ಒಂದೂವರೆ ವರ್ಷ ಆಗಿತ್ತು. ದಿನಾ ಸಂಜೆ ಅವರನ್ನ ಗೇಟಿನವರೆಗೂ ತಳ್ಕೊಂಡು ಹೋಗಿ ಹೊರಗಡೆ ನೆರಳಲ್ಲಿ ನಿಲ್ಲಿಸಿ ನಾನು ಒಳಗೆ ಎರಡು ರೌಂಡ್ ಹಾಕಿ ಬರ್ತಿದ್ದೆ, ಅವರು ಕಂಬಿ ಸಂದಿಯಿಂದ ಮಕ್ಕಳ ಆಟ ನೋಡ್ತಾ ಕೂತಿರೋರು. ಆ ಪೈಪ್ ತೆಗೀಬಹುದು ಅಂತ ನನಗೆ ಹೊಳೀಲೇ ಇಲ್ಲ ನೋಡಿ, ಅದು ಹಾಗೇ ಇರತ್ತೆ ಅಂತ ಒಪ್ಕೊಂಡು ಬಿಟ್ಟಿದ್ದೆ. ಆ ಮಗು ಒಪ್ಕೊಳ್ಳಲಿಲ್ಲ.

ಪೈಪ್ ಸರಿಸಿ 3 ಅಡಿ ದಾರಿ ಬಿಟ್ರು. ಗಾಡಿ ನುಗ್ಗತ್ತೆ ಅಂತ ಹೆದರಿದ್ವಿ, ಒಂದೆರಡು ಸಲ ನುಗ್ಗಿದ್ವು ಕೂಡ, ಎದುರಿಗಿರೋ ಇಸ್ತ್ರಿ ಅಂಗಡಿಯವರು ಎದ್ದು ಹೋಗಿ ನಿಲ್ಲಿಸಿ ಮಾತಾಡಿ ವಾಪಸ್ ಕಳಿಸ್ತಾರೆ, ಅವರಿಗೆ ಅದು ಯಾರೂ ಒಪ್ಪಿಸಿದ ಕೆಲಸ ಅಲ್ಲ. ಗೇಟಿನ ಮೆಟ್ಟಿಲು 7 ಇಂಚು ಎತ್ತರ. ಮೊದಲ ಸಲ ಕೆಲಸದವರು 3 ಅಡಿ ಉದ್ದಕ್ಕೆ ಸಿಮೆಂಟ್ ಎಳೆದು ರಾಂಪ್ ಆಯ್ತು ಅಂದ್ರು, ಅದರ ಮೇಲೆ ತಳ್ಳೋಕೆ ಹೋದ್ರೆ ಕುರ್ಚಿ ಹಿಂದಕ್ಕೆ ವಾಲ್ತಿತ್ತು. ನಾಲ್ಕನೇ ಕ್ರಾಸಿನ ರಿಟೈರ್ಡ್ ಎಂಜಿನಿಯರ್ ಒಬ್ಬರು ಟೇಪ್ ಹಿಡ್ಕೊಂಡು ಬಂದ್ರು, 1 ಇಂಚು ಎತ್ತರಕ್ಕೆ 12 ಇಂಚು ಉದ್ದ ಬೇಕು, 7 ಇಂಚಿಗೆ 7 ಅಡಿ, ಇದಕ್ಕಿಂತ ಕಮ್ಮಿ ಆದ್ರೆ ರಾಂಪ್ ಇದ್ದೂ ಇಲ್ಲದಂಗೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ತೋರಿಸಿ, ಒಡೆಸಿ, ಮತ್ತೆ ಕಟ್ಟಿಸಿದ್ರು. ಸರ್, ನಿಮ್ಮ 7 ಅಡಿ ರಾಂಪಿನ ಮೇಲೆ ನಮ್ಮವರು ಮೊದಲನೇ ಸಲ ಒಳಗೆ ಹೋದ ಸಂಜೆ ನೀವು ಊರಲ್ಲಿ ಇರ್ಲಿಲ್ಲ. ಅವರಿಗೆ ಮಾತು ಇನ್ನೂ ಸರಿಯಾಗಿ ಬರಲ್ಲ. ಹೊಂಗೆ ಮರದ ಕೆಳಗೆ ನಿಲ್ಸು ಅಂತ ಕೈ ತೋರಿಸಿದ್ರು, ಕತ್ತಲಾದ್ರೂ ಮನೆಗೆ ಬರೋಕೆ ಒಪ್ಪಲಿಲ್ಲ.

ಕಷ್ಟ ಆಗಿದ್ದು ಸಮುದಾಯ ಭವನದ ವಿಷಯ. ಪಾರ್ಕಿನ ಈಶಾನ್ಯ ಮೂಲೇಲಿ ಒಂದು ಸಣ್ಣ ಹಾಲ್ ಕಟ್ಟಿಸೋಣ, ನಾಮಕರಣ ಗಿಮಕರಣಕ್ಕೆ ಆಗತ್ತೆ ಅಂತ ಸುಮಾರು ಜನ ಬರೆದಿದ್ರು, ಅದೂ ತಪ್ಪು ಆಸೆ ಅಲ್ಲ. ಆಗ ನಮ್ಮ ನಡುವಿನ ವಕೀಲರು ಒಂದು ಗಂಟೆ ಕೂತು ತಾಳ್ಮೆಯಿಂದ ವಿವರಿಸಿದ್ದಕ್ಕೆ ನಾನು ತುಂಬಾ ಋಣಿ. ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸೋಕೆ ಅಂತಲೇ ಕರ್ನಾಟಕದಲ್ಲಿ 1985ರ ಒಂದು ಕಾಯ್ದೆ ಇದೆ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಅವತ್ತೇ ಗೊತ್ತಾಗಿದ್ದು. ಇನ್ನೊಂದು ನಮ್ಮ ಬೆಂಗಳೂರಿನದೇ ಕಥೆ, ರಾಜಮಹಲ್ ವಿಲಾಸ್ ಬಡಾವಣೇಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗಾನ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು, ಸುಪ್ರೀಂ ಕೋರ್ಟಿನವರೆಗೂ ಹೋಯ್ತು, ನಿಮಗೇನು ಸಂಬಂಧ ಅನ್ನೋ ಪ್ರಶ್ನೆ ಬಂದಾಗ ಆ ಬಡಾವಣೆ ಜನಕ್ಕೆ ಕೇಳೋ ಹಕ್ಕಿದೆ ಅಂತ 1991ರಲ್ಲಿ ತೀರ್ಪು ಬಂತು, ಪಾರ್ಕಿನ ಜಾಗ ಪಾರ್ಕಿಗೇ ಉಳೀತು. ಬಿ.ಎಸ್. ಮುದ್ದಪ್ಪ ಕೇಸ್ ಅಂತಲೇ ಅದು ಹೆಸರಾಗಿದೆ. ಆಸ್ಪತ್ರೆಯಂಥ ಆಸ್ಪತ್ರೆಗೇ ಆಗಲ್ಲ ಅಂದ ಮೇಲೆ ನಮ್ಮ ಹಾಲ್ ಎಲ್ಲಿ ಅಂತ ಯಾರೋ ಹಿಂದಿನ ಸಾಲಿಂದ ಅಂದ್ರು. ಹಾಲ್ ಬೇಕು ಅಂತ ಎಲ್ರಿಗಿಂತ ಜೋರಾಗಿ ಕೇಳಿದ್ದ ಹಿರಿಯರೇ ಎದ್ದು ನಿಂತು ನನ್ನ ಸಲಹೆ ವಾಪಸ್ ತಗೋತೀನಿ ಅಂದ್ರು. ಅಷ್ಟು ಜನರ ಮುಂದೆ ಹಾಗೆ ಹೇಳೋದು ಸುಲಭ ಅಲ್ಲ. ಅವರಿಗೆ ಈ ಪತ್ರದಲ್ಲಿ ವಿಶೇಷ ಧನ್ಯವಾದ ಇದೆ.

ಹೊಂಗೆ ಮರಗಳ ಬುಡದವರೆಗೂ ಇಂಟರ್‌ಲಾಕ್ ಇತ್ತಲ್ಲ, ಅದನ್ನ ಸುತ್ತ 3 ಅಡಿ ಕಿತ್ತು ಮಣ್ಣು ಬಿಡಿ, ಬೇರಿಗೆ ನೀರೂ ಹೋಗಲ್ಲ ಗಾಳಿನೂ ಹೋಗಲ್ಲ ಅಂತ ಬರೆದಿದ್ದು ಸಸ್ಯಶಾಸ್ತ್ರ ಓದ್ತಿರೋ ನಮ್ಮ ಬಾಡಿಗೆ ಮನೆ ಹುಡುಗ. ದೆಹಲೀಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಮರದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೀಬೇಕು ಅಂತ ಆದೇಶ ಮಾಡಿದ್ದನ್ನೂ ಅವನೇ ಹೇಳಿದ್ದು. ಕಿತ್ತ ಕಲ್ಲಲ್ಲೇ ಎಲೆ ಗೊಬ್ಬರದ ತೊಟ್ಟಿಗೆ ತಳ ಹಾಕಿದ್ವಿ. ಹೊಂಗೆ ಎಲೆ ಉದುರೋ ಕಾಲದಲ್ಲಿ ಎಲ್ಲಾ ಗುಡಿಸಿ ಬೆಂಕಿ ಹಾಕ್ತಿದ್ರು, ಆ ಹೊಗೆ ಪಕ್ಕದ ಮನೆಯ ಆಸ್ತಮಾ ಇರೋ ಮಗುವಿಗೆ ಎಷ್ಟು ಕಷ್ಟ ಕೊಡ್ತಿತ್ತು ಅಂತ ಆ ತಾಯಿ ಬರೆದ ಮೇಲೆ ನಿಲ್ಲಿಸಿದ್ವಿ, ಈಗ ಮಾಲಿಯವರೇ ಎಲೆ ತುಂಬಿ, ಸಗಣಿ ನೀರು ಹಾಕಿ ಗೊಬ್ಬರ ಮಾಡ್ತಾರೆ. ಬೇಕಾದವರು ಭಾನುವಾರ ಒಂದೊಂದು ಚೀಲ ಒಯ್ಯಬಹುದು. ಹುಲ್ಲು ಸುಟ್ಟು ಹೋದ ಜಾಗದಲ್ಲಿ ಮತ್ತೆ ಹುಲ್ಲು ಬೇಡ, ನೀರು ಕಮ್ಮಿ ಕುಡಿಯೋದು ಹಾಕಿ ಅಂದ್ರು ಮೂರನೇ ಮೇನಿನ ಅಜ್ಜಿ, ತಾವೇ ಎಕ್ಕ, ಕರಿಬೇವು, ದಾಸವಾಳ ತಂದು ನೆಟ್ರು. ಕರಿಬೇವಿನ ಮೇಲೆ ಹಸಿರು ಹುಳ ನೋಡಿ ಔಷಧಿ ಹೊಡೀಬೇಕಾ ಅಂತ ಕೇಳಿದವರಿಗೆ ಅದು ಚಿಟ್ಟೆ ಆಗತ್ತೆ, ಬಿಡಿ ಅಂತ ಹೇಳಿ ಮಕ್ಕಳನ್ನ ಕಾವಲಿಗೆ ಕೂರಿಸಿದ್ದೂ ಅವರೇ. ಬರ್ತಿರೋ ಚಿಟ್ಟೆ ಲೆಕ್ಕ ಮಕ್ಕಳ ಹತ್ರ ಇದೆ, ಕೇಳಿ ನೋಡಿ, ಬಿಡದೆ ಹೇಳ್ತಾರೆ.

ಕಾಗದ ಪತ್ರ ಓಡಾಡಿಸಿದವರಿಗೆ, ಉಯ್ಯಾಲೆ ಸರಪಳಿ ಬೆಸುಗೆ ಹಾಕಿ ದುಡ್ಡು ಬೇಡ ಅಂದ ವೆಲ್ಡಿಂಗ್ ಅಂಗಡಿಯವರಿಗೆ, ಬೇಸಿಗೇಲಿ ಅಕ್ಕಿ ತೊಳೆದ ನೀರು ಬಕೆಟ್ ಬಕೆಟ್ ತಂದು ಗಿಡಕ್ಕೆ ಹಾಕಿದ ಮನೆಗಳಿಗೆ, ನಮ್ಮ ಅರ್ಜಿ ತಗೊಂಡು ನಿಜವಾಗ್ಲೂ ಸ್ಥಳಕ್ಕೆ ಬಂದು ನೋಡಿದ ಆ ಅಧಿಕಾರಿಗೆ, ಎಲ್ರಿಗೂ ಥ್ಯಾಂಕ್ಸ್. ಹೆಸರು ಬಿಟ್ಟು ಹೋಗಿದ್ರೆ ಬೈದು ಹೇಳಿ, ಸೇರಿಸ್ತೀನಿ.

ಶೌಚಾಲಯದ ವಿಷಯ ಆಗಿಲ್ಲ. ನಾಲ್ಕು ಕಡೆ ಅರ್ಜಿ ಕೊಟ್ಟಿದೀವಿ, ಮಧ್ಯಾಹ್ನ ಕೂರೋ ಹೆಂಗಸರಿಗೆ ಅದು ನಲ್ಲಿಗಿಂತ ಮುಖ್ಯ ಅಂತ ಈಗ ಗೊತ್ತಾಗಿದೆ, ಅದಾಗೋವರೆಗೂ ಪಾರ್ಕ್ ಎದುರಿನ ಎರಡು ಮನೆಯವರು ತಮ್ಮ ಹೊರಗಿನ ಬಾತ್‌ರೂಮ್ ಬಾಗಿಲು ತೆಗೆದಿಟ್ಟಿದ್ದಾರೆ. ಕ್ರಿಕೆಟ್ ಮತ್ತು ಕನ್ನಡಕದ ಜಗಳಾನೂ ಬಗೆಹರಿದಿಲ್ಲ.

ಮೊದಲನೇ ನೋಟ್‌ಬುಕ್ ತುಂಬಿ ಹೋಗಿದೆ, ಅದು ನಮ್ಮನೇಲಿ ಬೀರುವಿನಲ್ಲಿದೆ, ನೋಡ್ಬೇಕು ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬನ್ನಿ. ಎರಡನೇದು ಸೋಮವಾರ ಬೆಳಗ್ಗೆಯಿಂದ ಬೂತಲ್ಲಿ ಇರತ್ತೆ. ಈ ಸಲ ಪೆನ್ನಿನ ಜೊತೆ ಒಂದು ಪೆನ್ಸಿಲ್ಲೂ ಕಟ್ಟಿದೀವಿ.