ಗೂಬೆಯ ಮದುವೆಯೂಟದ ಚಮಚ

ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ‘ರನ್ಸಿಬಲ್ ಅಂದ್ರೆ ಏನಮ್ಮಾ?’ ಅಂತ ಕೇಳಿದೆಯಲ್ಲ, ಕುಕ್ಕರ್ ಕೂಗ್ತಿತ್ತು, ‘ಬರೆದು ತಿಳಿಸ್ತೀನಿ ಇರು’ ಅಂದೆ. ಆ ಪದಕ್ಕೆ ಅರ್ಥವೇ ಇಲ್ಲ ಕಣೇ.

ಅದನ್ನು ಹುಟ್ಟಿಸಿದವನು ಎಡ್ವರ್ಡ್ ಲಿಯರ್ ಅನ್ನುವ ಇಂಗ್ಲಿಷ್ ಕವಿ. ಗಿಳಿಗಳ, ಬೆಟ್ಟಗುಡ್ಡಗಳ ಚಿತ್ರ ಬರೆದು ಹೊಟ್ಟೆ ಹೊರೆದವನು. ವಿಕ್ಟೋರಿಯಾ ರಾಣಿಗೂ ಚಿತ್ರಪಾಠ ಹೇಳಿಕೊಟ್ಟಿದ್ದ. 1867ರ ಚಳಿಗಾಲದಲ್ಲಿ ಗೆಳೆಯ ಜಾನ್ ಆಡಿಂಗ್ಟನ್ ಸೈಮಂಡ್ಸ್‌ನ ಪುಟ್ಟ ಮಗಳಿಗೆಂದು ಒಂದು ಪದ್ಯ ಕಟ್ಟಿದ. ಗೂಬೆಯೂ ಬೆಕ್ಕೂ ಬಟಾಣಿ ಹಸಿರಿನ ದೋಣಿ ಏರಿ ಹೋಗಿ, ಹಂದಿಯ ಮೂಗಿನ ಉಂಗುರವನ್ನು ಒಂದು ಶಿಲ್ಲಿಂಗಿಗೆ ಕೊಂಡು ಮದುವೆಯಾಗುತ್ತವೆ. ಊಟಕ್ಕೆ ರನ್ಸಿಬಲ್ ಚಮಚ!

ಎಂಥ ಚಮಚ? ಲಿಯರ್ ಬಾಯಿ ಬಿಡಲಿಲ್ಲ. ಆಮೇಲೆ ಅದೇ ಪದವನ್ನು ಇನ್ನೊಂದು ಬೆಕ್ಕಿಗೂ ಅಂಟಿಸಿದ, ತನ್ನ ಟೊಪ್ಪಿಗೂ ಅಂಟಿಸಿದ. ಅವನು 1888ರಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ನಿಘಂಟಿನವರು ‘ಉಪ್ಪಿನಕಾಯಿಗೆ ಬಳಸುವ, ಮೂರು ಅಗಲ ಹಲ್ಲಿನ ಫೋರ್ಕು’ ಅಂತ ಬರೆದರು. ನನಗಂತೂ ಒಪ್ಪಿಗೆಯಿಲ್ಲ. ಬಾತುಕೋಳಿಯೊಂದು ರನ್ಸಿಬಲ್ ಚಮಚದಿಂದ ಚುಕ್ಕೆ ಕಪ್ಪೆ ಹಿಡಿಯುವ ಚಿತ್ರವನ್ನು ಲಿಯರನೇ ಬರೆದಿದ್ದಾನೆ. ಅಲ್ಲಿರುವುದು ನಮ್ಮ ಸಾರಿನ ಸೌಟಿನ ಥರದ್ದು. ಹಲ್ಲೂ ಇಲ್ಲ, ಏನೂ ಇಲ್ಲ.

ಇನ್ನೊಂದು ತಮಾಷೆ ಕೇಳು. 1873ರ ಕೊನೆಗೆ ಅವನು ಭಾರತಕ್ಕೆ ಬಂದು ವರ್ಷಕ್ಕೂ ಮೇಲೆ ಊರೂರು ಸುತ್ತಿದ. ಇಲ್ಲಿನ ಮಾತು ಕಿವಿಗೆ ಬಿದ್ದದ್ದೇ ಸಾಕಾಯ್ತು. ಆಗ ಬರೆದ ಪದ್ಯದಲ್ಲಿ ಒಬ್ಬ ಹೆಂಗಸು ಧೋಬಿಯ ಮೇಲೆ ಕೂತು ಸಂಜೆ ನಕ್ಷತ್ರ ನೋಡುತ್ತಾಳೆ, ದಾರಿಯಲ್ಲಿ ಹೋಗುವ ಪಂಖಾಗಳು ಅವಳ ಚೆಲುವನ್ನು ಹೊಗಳುತ್ತವೆ, ಕೊನೆಗೆ ಕಮರ್‌ಬಂದ್ ಬಂದು ಅವಳನ್ನು ನುಂಗಿಹಾಕುತ್ತದೆ. ಸೊಂಟಕ್ಕೆ ಸುತ್ತುವ ಪಟ್ಟಿ ಕಣೇ ಅದು! ಅರ್ಥ ಗೊತ್ತಿಲ್ಲದವರಿಗೆ ಭಯದ ಕಥೆ. ನನಗೆ ನಗು ತಡೆಯಲಾಗಲಿಲ್ಲ.

ನೀನೇನು ಕಡಿಮೆಯವಳಲ್ಲ. ಮೂರು ವರ್ಷದವಳಿದ್ದಾಗ ಸಟ್ಟುಗಕ್ಕೆ ‘ಗುಡುಂಬಿ’ ಅಂತಿದ್ದೆ. ಯಾಕೆ ಅಂತ ಕೇಳಿದರೆ ‘ಅದು ಗುಡುಂಬಿ ಥರಾನೇ ಇದೆ’ ಅನ್ನುತ್ತಿದ್ದೆ. ಮನೆಯಲ್ಲಿ ಅದೇ ಹೆಸರು ನಿಂತಿತು. ಮೊನ್ನೆ ಕೆಲಸಕ್ಕೆ ಬಂದ ಹೊಸ ಹುಡುಗಿಗೆ ಅಜ್ಜಿ ‘ಗುಡುಂಬಿ ತಗೊಂಡು ಬಾರೇ’ ಅಂದರು. ಪಾಪ, ಅಡುಗೆಮನೆಯೆಲ್ಲ ಹುಡುಕಿ ಬರಿಗೈಯಲ್ಲಿ ಬಂದು ನಿಂತಳು. ಅಜ್ಜಿ ನನ್ನ ಕಡೆ ತಿರುಗಿ, ‘ಈಗಿನ ಮಕ್ಕಳಿಗೆ ಅಷ್ಟೂ ಕನ್ನಡ ಬರಲ್ವಲ್ಲೇ!’ ಅಂದರು.

ನಿನ್ನ
ಅಮ್ಮ