ಮಗುವಿನ ಉಸಿರಿಗೆ ಒಂದು ಪ್ಲಗ್ ಪಾಯಿಂಟ್ ಸಿಗಲಿಲ್ಲ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯವಳು. ನನ್ನ ಮಗಳಿಗೆ ಮೂರು ವರ್ಷ. ಅವಳು ಅತ್ತರೆ ಸದ್ದು ಬರುವುದಿಲ್ಲ. ಮುಖ ನೋಡಿಯೇ ತಿಳಿದುಕೊಳ್ಳಬೇಕು.

ಏಳು ತಿಂಗಳಿಗೇ ಹುಟ್ಟಿದಳು. ಗಂಟಲಿಗೆ ಪೈಪ್ ಹಾಕಿ ಆರು ವಾರ ವೆಂಟಿಲೇಟರ್‌ನಲ್ಲಿಟ್ಟಿದ್ದರು. ಆ ಪೈಪೇ ಅವಳ ಜೀವ ಉಳಿಸಿತು, ಮರೆತಿಲ್ಲ. ಆದರೆ ಒಳಗೆ ಗಾಯವಾಗಿ, ಅದು ಮಾಯುವಾಗ ಉಸಿರಿನ ದಾರಿಯೇ ಕಟ್ಟಿಕೊಂಡಿತು. ಹಸುಗೂಸಿಗೆ ಅಲ್ಲಿ ಇರುವುದೇ ಸುಮಾರು 4 ಮಿಲಿಮೀಟರ್ ದಾರಿ. ಸುತ್ತಲೂ 1 ಮಿಲಿಮೀಟರ್ ಊದಿದರೆ ಕಾಲು ಭಾಗ ಮಾತ್ರ ಉಳಿಯುತ್ತದೆ. ದಾರಿ ಎಷ್ಟು ಕಿರಿದಾಗಿದೆ ಎಂದು ಹೇಳುವ ನಾಲ್ಕು ಹಂತದಲ್ಲಿ ಇವಳದ್ದು ಮೂರನೆಯದು. ಅದಕ್ಕೇ ಕುತ್ತಿಗೆಯಲ್ಲಿ ತೂತು ಮಾಡಿ ಟ್ಯೂಬ್ ಹಾಕಿದ್ದಾರೆ. ಉಸಿರು ಅಲ್ಲಿಂದಲೇ ಹೋಗುತ್ತದೆ, ಅದಕ್ಕೇ ದನಿಯಿಲ್ಲ. ಅದರಲ್ಲಿ ಕಫ ಕಟ್ಟಿದರೆ ಕೆಲವೇ ನಿಮಿಷ. ರಾತ್ರಿ ನಾನು, ಇವರು ಸರದಿ ಮೇಲೆ ಎದ್ದಿರುತ್ತೇವೆ. ಮೂರು ವರ್ಷದಿಂದ ಇಬ್ಬರೂ ಒಟ್ಟಿಗೆ ಮಲಗಿಲ್ಲ.

ಕಳೆದ ತಿಂಗಳು ಈ ದಾರಿ ಬಿಡಿಸುವ ಆಪರೇಷನ್‌ಗಾಗಿ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಂಗಳೂರಿನ ಒಂದು ಆಸ್ಪತ್ರೆಗೆ ಬಂದೆವು. ಸಾಲಿನಲ್ಲಿ ನಿಂತಾಗ ಮಗಳ ತುಟಿ ನೀಲಿಯಾಯಿತು. ಟ್ಯೂಬಿನ ಕಫ ಎಳೆದು ತೆಗೆಯುವ ಸಕ್ಷನ್ ಮೆಷಿನ್ ಕೈಯಲ್ಲೇ ಇತ್ತು, ಅದರ ಬ್ಯಾಟರಿ ಬಸ್ಸಿನಲ್ಲೇ ಮುಗಿದಿತ್ತು. ಗೋಡೆಯ ಪ್ಲಗ್‌ಗೆ ಹಾಕಲು ಹೋದರೆ ಕೌಂಟರಿನವರು ತಡೆದರು. "ಇದು ಚಾರ್ಜ್ ಮಾಡೋ ಜಾಗ ಅಲ್ಲಮ್ಮ, ಆಚೆ ಹೋಗಿ" ಅಂದರು. ನನ್ನ ಗಂಡ ಅಲ್ಲೇ ನೆಲದ ಮೇಲೆ ಅವಳನ್ನು ಮಲಗಿಸಿ, ಕೈ ನಡುಗುತ್ತಾ ಟ್ಯೂಬ್ ಬದಲಿಸಿದರು. ಜನ ಸುತ್ತ ನಿಂತು ನೋಡಿದರು. ಆಮೇಲೆ ಅದೇ ಕೌಂಟರಿನಲ್ಲಿ "ಈ ಆಪರೇಷನ್ ಕಂಪ್ಯೂಟರಿನಲ್ಲಿ ಬರ್ತಾ ಇಲ್ಲ, ಮುಂದಿನ ವಾರ ಬನ್ನಿ" ಎಂದರು. ಮುಂದಿನ ವಾರ! ಒಂದು ಸಲ ಬಂದು ಹೋಗಲು ನಮ್ಮ ಹತ್ತು ದಿನದ ಕೂಲಿ ಹೋಗುತ್ತದೆ.

ಸರ್ಕಾರದ ಉಚಿತ ಚಿಕಿತ್ಸೆ ಯೋಜನೆಯ 5 ಲಕ್ಷದ ಮಿತಿ, ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿಯ ನಿಯಮ ನಿಮಗೆ ನಾನು ಹೇಳಬೇಕಿಲ್ಲ. ಬಿಪಿಎಲ್ ಕಾರ್ಡ್ ಇದೆ, ಚೀಟಿಯೂ ಇದೆ. ಇಲ್ಲದ್ದು ಆಪರೇಷನ್ ದಿನಾಂಕ ಮಾತ್ರ.

ಇದು ಹೊಸ ಚಿಕಿತ್ಸೆಯಲ್ಲ. ಸ್ವಲ್ಪ ಕಿರಿದಾಗಿದ್ದರೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಇವಳಂಥವರಿಗೆ ಪಕ್ಕೆಲುಬಿನ ಮೆತ್ತನೆ ಎಲುಬಿನ ಚೂರು ತೆಗೆದು, ದಾರಿ ಸೀಳಿ ನಡುವೆ ಕೂರಿಸಿ ಅಗಲ ಮಾಡುತ್ತಾರೆ. 1970ರ ದಶಕದಿಂದಲೂ ಮಾಡುತ್ತಿದ್ದಾರೆ. ಆದರೆ ಇದು ಒಬ್ಬ ಸರ್ಜನ್ ಕೆಲಸವಲ್ಲ. ಮಕ್ಕಳಿಗೆ ಅರಿವಳಿಕೆ ಕೊಡುವವರು, ಐಸಿಯು, ಟ್ಯೂಬ್ ಗೊತ್ತಿರುವ ನರ್ಸ್, ಎಲ್ಲರೂ ಒಂದೇ ಕಡೆ ಬೇಕು.

ಅಂಥ ಒಂದು ತಂಡವನ್ನು ಉತ್ತರ ಕರ್ನಾಟಕದ ಯಾವುದಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಟ್ಟಿ, ಸ್ವಾಮಿ. ಏಳು ತಿಂಗಳ ಕೂಸನ್ನೂ ಉಳಿಸುವ ಮೆಷಿನ್ ಕೊಟ್ಟಿದ್ದೀರಿ. ಉಳಿದ ಕೂಸಿನ ಉಸಿರಿನ ದಾರಿಯನ್ನೂ ಬಿಡಿಸಿಕೊಡಿ. ತಂಡ ಕಟ್ಟುವವರೆಗೆ ಟ್ಯೂಬ್ ಇರುವ ಮಗುವಿನ ಮನೆಗೆ ಗಟ್ಟಿ ಬ್ಯಾಟರಿಯ ಸಕ್ಷನ್ ಮೆಷಿನ್ ಕೊಡಿ. ಮಳೆಗಾಲ ಬಂತು, ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ನಮಗೆ ದಿನಾಂಕ ಕೊಡಿಸಿ. ಸಹಾನುಭೂತಿ ಬೇಡ, ದಿನಾಂಕ ಬೇಕು.

ಹುಟ್ಟಿದ ದಿನ ಅವಳು ಒಮ್ಮೆ ಸಣ್ಣಗೆ ಅತ್ತಿದ್ದಳು. ಅದಾದ ಮೇಲೆ ಅವಳ ದನಿ ನಾನು ಕೇಳಿಲ್ಲ.

ಇತಿ,
ಕೊಪ್ಪಳ ಜಿಲ್ಲೆಯ ಒಬ್ಬ ತಾಯಿ